ಶುಲ್ಕದ ಮರ್ಯಾದೆ: ದೂರವೈದ್ಯದ ಚರಿತ್ರೆಯಲ್ಲಿ ಒಂದು ಧರ್ಮಪ್ರಶ್ನೆ

ವೈದ್ಯನಿಗೆ ನ್ಯಾಯವಾಗಿ ಸಲ್ಲಬೇಕಾದ ಸಂಭಾವನೆಗೂ ರೋಗಿಯ ಅಸಹಾಯಕತೆಯನ್ನು ನೋಡಿ ಪಡೆಯುವ ಹಣಕ್ಕೂ ನಡುವೆ ಒಂದು ಗೆರೆ ಇದೆ. ಕನ್ನಡದ ಮರ್ಯಾದೆ ಎಂಬ ಶಬ್ದಕ್ಕೆ ಗೌರವ ಎಂಬ ಅರ್ಥವೂ ಉಂಟು, ಎಲ್ಲೆ ಎಂಬ ಅರ್ಥವೂ ಉಂಟು. ಎಲ್ಲೆಯೊಳಗಿನ ಶುಲ್ಕವು ವೈದ್ಯವೃತ್ತಿಗೆ ಗೌರವ ತರುತ್ತದೆ. ಎಲ್ಲೆ ಮೀರಿದ ಶುಲ್ಕವು ಆ ಗೌರವವನ್ನು ಕಳೆಯುತ್ತದೆ. ಈ ಎಲ್ಲೆಯನ್ನು ಗುರುತಿಸುವ ಕೆಲಸವನ್ನು ಹಿಂದೆ ಶಾಸ್ತ್ರವೂ ಲೋಕರೂಢಿಯೂ ಮಾಡುತ್ತಿದ್ದವು. ಕಳೆದ ಅರ್ಧ ಶತಮಾನದಿಂದ ಶಾಸನಸಭೆಗಳೂ ನ್ಯಾಯಾಲಯಗಳೂ ಅದನ್ನು ಮಾಡುತ್ತ ಬಂದಿವೆ.

ವೈದ್ಯನೂ ರೋಗಿಯೂ ಒಂದೇ ಕೋಣೆಯಲ್ಲಿ ಎದುರುಬದುರಾಗಿ ಕುಳಿತಿದ್ದ ಕಾಲದಲ್ಲಿ ಈ ಪ್ರಶ್ನೆ ಸರಳವಾಗಿತ್ತು. ಕೊಡುವವನು ಯಾರು, ಪಡೆಯುವವನು ಯಾರು ಎಂಬುದು ಇಬ್ಬರಿಗೂ ತಿಳಿದಿತ್ತು. ದೂರವಾಣಿ, ಉಪಗ್ರಹ, ಅಂತರ್ಜಾಲಗಳ ಮೂಲಕ ವೈದ್ಯಸಲಹೆ ನಡೆಯತೊಡಗಿದ ಮೇಲೆ ಇವರಿಬ್ಬರ ನಡುವೆ ಮೂರನೆಯವರೂ ಬಂದು ಸೇರಿದರು. ಅವರೊಡನೆ ಅನುಕೂಲ ಶುಲ್ಕ, ಸೇವಾ ಶುಲ್ಕ, ಸ್ಥಳ ಶುಲ್ಕ ಎಂಬ ಹೊಸ ಹೆಸರುಗಳೂ ಬಂದವು. ಈ ಹೆಚ್ಚುವರಿ ಹಣಕ್ಕೆ ಕಾನೂನು ಹೇಗೆ ಕಟ್ಟು ಹಾಕಿತು, ಎಲ್ಲಿ ಹಾಕದೆ ಉಳಿಯಿತು ಎಂಬುದು ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳ ಜನರಿಗೆ ಬಹಳ ಹತ್ತಿರದ ವಿಷಯ.

ದೂರವೇ ಒಂದು ಶುಲ್ಕ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆ ಜೈನ ಚರಿತ್ರೆಗೆ ಅಪರಿಚಿತವಲ್ಲ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯು ಚಂಗಾಳ್ವರ ಆಶ್ರಯವನ್ನು ಪಡೆದ ಪ್ರಾಚೀನ ಜೈನ ಕೇಂದ್ರ; ಅಲ್ಲಿಯ ಆದಿನಾಥ ಬಸದಿ ಇಂದಿಗೂ ನಿಂತಿದೆ. ಸಾಲಿಗ್ರಾಮದಲ್ಲಿ ಬಸದಿಗಳೂ ಶ್ರಾವಕರ ಮನೆತನಗಳೂ ಇವೆ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಾಹುಬಲಿಯನ್ನು ಮೈಸೂರು ಸೀಮೆಯ ಭಕ್ತರೆಲ್ಲರೂ ಬಲ್ಲರು. ಹೊಯ್ಸಳರ ಕಾಲದ ಶಾಸನಗಳಲ್ಲಿ ದಾನಿಗಳನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷಪಡುವವರೆಂದು ಹೊಗಳುವ ವಾಡಿಕೆ ಇತ್ತು. ಭೈಷಜ್ಯವೆಂದರೆ ಔಷಧ. ಅನ್ನದಾನದ ಪಕ್ಕದಲ್ಲಿ ಔಷಧದಾನವನ್ನು ಇಟ್ಟ ಪರಂಪರೆಯಿದು. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯನು ವೈದ್ಯನಾದವನು ಧನಲೋಭದಿಂದ ಚಿಕಿತ್ಸೆಗೆ ತೊಡಗಬಾರದೆಂಬ ನಿಲುವನ್ನು ಸ್ಪಷ್ಟವಾಗಿ ತಳೆದಿದ್ದಾನೆ.

ಆದರೆ ಈ ಸೀಮೆಯ ಹಳ್ಳಿಗರಿಗೆ ಚಿಕಿತ್ಸೆಯ ನಿಜವಾದ ವೆಚ್ಚವು ಬಹುಕಾಲ ವೈದ್ಯನ ಶುಲ್ಕವಾಗಿರಲಿಲ್ಲ, ದಾರಿಯ ವೆಚ್ಚವಾಗಿತ್ತು. ಈ ನಾಲ್ಕು ತಾಲ್ಲೂಕು ಕೇಂದ್ರಗಳು ಮೈಸೂರಿನಿಂದ ಸುಮಾರು 40ರಿಂದ 70 ಕಿಲೋಮೀಟರು ದೂರದಲ್ಲಿವೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದೂರ ಬೇರೆ. ಕಬಿನಿ ಜಲಾಶಯದ ಹಿನ್ನೀರಿನ ಆಚೆಗೂ ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನಲ್ಲಿಯೂ ಇರುವ ಹಾಡಿಗಳ ಜೇನುಕುರುಬ, ಕಾಡುಕುರುಬ ಕುಟುಂಬಗಳಿಗೆ ಆ ದೂರವು ಇನ್ನೂ ಕಠಿಣವಾದುದು. ಒಂದು ದಿನದ ಕೂಲಿ, ಜೊತೆಗೆ ಬರುವ ಮಗನ ಅಥವಾ ಮಗಳ ಕೂಲಿ, ಬಸ್ಸಿನ ಹಣ, ಹೋಟೆಲಿನ ಊಟ, ಇವೆಲ್ಲ ಕೂಡಿದರೆ ತಜ್ಞನ ಹತ್ತು ನಿಮಿಷದ ಮಾತಿಗೆ ಅವನ ಶುಲ್ಕಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು. ದೂರವೈದ್ಯವೆಂಬ ಕಲ್ಪನೆ ಹುಟ್ಟಿದ್ದು ಈ ಖರ್ಚನ್ನು ಇಳಿಸುವುದಕ್ಕಾಗಿ. ಆದ್ದರಿಂದ ದೂರವೈದ್ಯದ ಮೇಲೆ ಹೇರುವ ಪ್ರತಿಯೊಂದು ಹೆಚ್ಚುವರಿ ರೂಪಾಯಿಯನ್ನೂ ಈ ಮೂಲ ಉದ್ದೇಶದ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

ಸರಗೂರಿನ ಪ್ರಯೋಗ

ಭಾರತದಲ್ಲಿ ದೂರವೈದ್ಯದ ಆರಂಭದ ಪುಟಗಳಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಹೆಸರು ಸೇರಿದೆ ಎಂಬುದು ಅನೇಕರಿಗೆ ತಿಳಿಯದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಗೆಳೆಯರೂ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮುಂದೆ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಆರೋಗ್ಯಸೇವೆಗೆ ತೊಡಗಿದರು. ಆಗ ಅದೇ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನಲ್ಲಿ ಆ ಸಂಸ್ಥೆಯ ವಿವೇಕಾನಂದ ಸ್ಮಾರಕ ಆಸ್ಪತ್ರೆ ತಲೆಯೆತ್ತಿತು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2002ರಲ್ಲಿ ಕರ್ನಾಟಕದ ದೂರವೈದ್ಯ ಯೋಜನೆಯನ್ನು ಆರಂಭಿಸಿದಾಗ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿದ ಮೊದಲ ಎರಡು ಕೇಂದ್ರಗಳೆಂದರೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ಈ ಆಸ್ಪತ್ರೆ. ಹಳ್ಳಿಯ ರೋಗಿಯು ಸರಗೂರಿನಲ್ಲಿಯೇ ಕುಳಿತು, ತನ್ನ ಹೃದಯದ ಇಸಿಜಿ ಚಿತ್ರವನ್ನು ಬೆಂಗಳೂರಿನ ತಜ್ಞನು ನೋಡಿ ಹೇಳುವುದನ್ನು ಕೇಳುವಂತಾಯಿತು.

ಈ ವ್ಯವಸ್ಥೆಯಲ್ಲಿ ವೆಚ್ಚವನ್ನು ಯಾರು ಹೊತ್ತರು ಎಂಬುದು ಇಲ್ಲಿ ಮುಖ್ಯ. ಉಪಕರಣ, ತಂತ್ರಾಂಶ, ಉಪಗ್ರಹದ ಸಂಪರ್ಕ, ಇವುಗಳನ್ನು ಬಾಹ್ಯಾಕಾಶ ಸಂಸ್ಥೆ ಒದಗಿಸಿತು. ಕೋಣೆ, ಸಿಬ್ಬಂದಿ, ತಜ್ಞರ ಸಮಯ, ಇವು ಆಸ್ಪತ್ರೆಗಳ ಪಾಲಿಗೆ ಬಂದವು. ರೋಗಿಗೆ ಕಾಣದಷ್ಟು ದೊಡ್ಡ ವೆಚ್ಚ ಅಲ್ಲಿತ್ತು. ಆದರೆ ಆ ವೆಚ್ಚವನ್ನು ಸಂಪರ್ಕದ ಹೆಸರಿನಲ್ಲಿ ಒಬ್ಬೊಬ್ಬ ರೋಗಿಯ ತಲೆಯ ಮೇಲೆ ಹಂಚುವುದು ಆ ಯೋಜನೆಯ ರೀತಿಯಾಗಿರಲಿಲ್ಲ. ದೂರವೈದ್ಯದ ಯಂತ್ರಕ್ಕೆ ಹಣ ಬೇಕು, ನಿಜ. ಆ ಹಣವನ್ನು ರೋಗಿಯೇ ಕೊಡಬೇಕೆಂಬ ನಿಯಮವೇನೂ ಇಲ್ಲ ಎಂಬುದು ಸರಗೂರಿನ ಪ್ರಯೋಗದ ಮೊದಲ ಪಾಠ.

ಗೋಡೆಯ ಮೇಲಿನ ಫಲಕ

ಇದೇ ಅವಧಿಯಲ್ಲಿ ವೈದ್ಯರ ಶುಲ್ಕವನ್ನು ಕುರಿತ ಕಾನೂನು ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣಕ್ಕಾಗಿ 1976ರಲ್ಲಿಯೇ ಒಂದು ಕಾಯಿದೆ ಬಂದಿತ್ತು. 1995ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಮೊಕದ್ದಮೆಯಲ್ಲಿ, ಶುಲ್ಕ ಪಡೆದು ನೀಡುವ ವೈದ್ಯಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಸೇರುತ್ತದೆಂದು ತೀರ್ಪಿತ್ತಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ನೀಡುವ ಸೇವೆ ಅದರ ಹೊರಗೆ ಉಳಿಯಿತು. ಕೇವಲ ನೋಂದಣಿಗೆಂದು ಪಡೆಯುವ ಅಲ್ಪ ಹಣದಿಂದ ಈ ಸ್ಥಿತಿ ಬದಲಾಗದು. ಆದರೆ ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಉಚಿತ ರೋಗಿಗೂ ಗ್ರಾಹಕನ ಹಕ್ಕು ಉಂಟೆಂದು ನ್ಯಾಯಾಲಯ ಹೇಳಿತು. ಚಿಕಿತ್ಸಾಲಯ ನಡೆಸುವ ಧರ್ಮಸಂಸ್ಥೆಗಳು ಗಮನದಲ್ಲಿಡಬೇಕಾದ ಮಾತಿದು. ದಾನವೆಂಬ ಹೆಸರು ಇದ್ದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಸರಗೂರಿಗೆ ಉಪಗ್ರಹ ಸಂಪರ್ಕ ಬಂದ 2002ರಲ್ಲಿಯೇ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿನೀತಿ ನಿಯಮಗಳೂ ಜಾರಿಗೆ ಬಂದವು. ವೈದ್ಯನು ತನ್ನ ಶುಲ್ಕವನ್ನೂ ಇತರ ದರಗಳನ್ನೂ ಚಿಕಿತ್ಸಾಲಯದ ಫಲಕದಲ್ಲಿ ಬರೆದು ತೋರಿಸಬೇಕು. ಶುಲ್ಕವನ್ನು ಸೇವೆಗೆ ಮೊದಲೇ ತಿಳಿಸಬೇಕೇ ಹೊರತು ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲ. ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದೂ ಪಡೆಯುವುದೂ ಅನೀತಿ ಎಂದು ಅವು ವಿಧಿಸಿದವು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು 1976ರ ಕಾಯಿದೆಯ ಸ್ಥಾನದಲ್ಲಿ ಬಂದು, ದರಪಟ್ಟಿಯ ಪ್ರಕಟಣೆಯನ್ನು ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿತು.

2017ರಲ್ಲಿ ಈ ಕಾಯಿದೆಯ ತಿದ್ದುಪಡಿಗೆ ರಾಜ್ಯ ಸರ್ಕಾರ ಮುಂದಾದಾಗ ನಡೆದ ಸಂಘರ್ಷ ಇನ್ನೂ ಜನರ ನೆನಪಿನಲ್ಲಿದೆ. ಕೆ.ಆರ್. ರಮೇಶ್ ಕುಮಾರ್ ಅವರು ಆಗ ಆರೋಗ್ಯ ಸಚಿವರು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿಗೊಳಿಸುವ, ಮೀರಿದವರಿಗೆ ಸೆರೆವಾಸ ವಿಧಿಸುವ ಮೂಲ ಪ್ರಸ್ತಾವವನ್ನು ವಿರೋಧಿಸಿ ನವೆಂಬರಿನಲ್ಲಿ ಖಾಸಗಿ ವೈದ್ಯರು ಸೇವೆಯನ್ನು ಸ್ಥಗಿತಗೊಳಿಸಿದರು. ಕೊನೆಗೆ ಅಂಗೀಕಾರವಾದ ರೂಪದಲ್ಲಿ ದರ ನಿಗದಿಯು ಸರ್ಕಾರದ ಆರೋಗ್ಯ ಯೋಜನೆಗಳ ಚಿಕಿತ್ಸೆಗೆ ಸೀಮಿತವಾಯಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯಬಾರದು, ಬಾಕಿ ಹಣಕ್ಕಾಗಿ ಮೃತದೇಹವನ್ನು ಇಟ್ಟುಕೊಳ್ಳಬಾರದು ಎಂಬ ವಿಧಿಗಳೂ ರೋಗಿಗಳ ಹಕ್ಕುಪತ್ರವೂ ಉಳಿದವು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಯಲ್ಲಿಯೂ ಒಂದು ಪ್ರಾಧಿಕಾರದ ವ್ಯವಸ್ಥೆಯಾಯಿತು.

ಈ ಎಲ್ಲ ವಿಧಿಗಳಲ್ಲಿ ಒಂದು ಸಾಮ್ಯ ಕಾಣುತ್ತದೆ. ಎಷ್ಟು ಪಡೆಯಬೇಕೆಂಬುದನ್ನು ಅವು ಬಹುಮಟ್ಟಿಗೆ ವೈದ್ಯರಿಗೇ ಬಿಟ್ಟವು. ಪಡೆಯುವುದನ್ನು ಮೊದಲೇ ತಿಳಿಸಬೇಕೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿದವು. ಇನ್ನೊಂದು ಸಾಮ್ಯವೆಂದರೆ ಇವೆಲ್ಲವೂ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವಿಧಿಗಳು. ದರದ ಫಲಕವನ್ನು ತೂಗುಹಾಕಲು ಗೋಡೆ ಬೇಕು. ರೋಗಿಯು ಪಿರಿಯಾಪಟ್ಟಣದ ತನ್ನ ಮನೆಯ ಜಗಲಿಯಲ್ಲಿ, ವೈದ್ಯನು ಇನ್ನೊಂದು ರಾಜ್ಯದ ನಗರದಲ್ಲಿ, ಹಣ ಪಡೆಯುವ ಸಂಸ್ಥೆ ಮೂರನೆಯ ಊರಿನಲ್ಲಿ ಇರುವಾಗ ಆ ಗೋಡೆ ಎಲ್ಲಿಯದು?

2020: ನಿಯಮವೂ ಮೌನವೂ

ಕೋವಿಡ್ ಮಹಾಮಾರಿಯ ಆರಂಭದಲ್ಲಿ, 2020ರ ಮಾರ್ಚ್ 25ರಂದು, ದೇಶದಲ್ಲಿ ಮೊದಲ ಬಾರಿಗೆ ದೂರವೈದ್ಯದ ಮಾರ್ಗಸೂಚಿ ಪ್ರಕಟವಾಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಅದು 2002ರ ವೃತ್ತಿನೀತಿ ನಿಯಮಗಳಿಗೆ ಅನುಬಂಧವಾಗಿ ಸೇರಿತು. ದೃಶ್ಯ, ಶ್ರವಣ, ಬರಹ ಎಂಬ ಮೂರು ಬಗೆಯ ಸಂಪರ್ಕವನ್ನು ಅದು ಒಪ್ಪಿತು. ತುರ್ತು ಸ್ಥಿತಿಯಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ನೀಡಿ ರೋಗಿಯನ್ನು ಆಸ್ಪತ್ರೆಗೆ ಕಳುಹಿಸಬೇಕೆಂದಿತು. ವೈದ್ಯನ ನೋಂದಣಿ ಸಂಖ್ಯೆಯು ಔಷಧಚೀಟಿಯಲ್ಲಿಯೂ ರಸೀದಿಯಲ್ಲಿಯೂ ಇರಬೇಕೆಂದಿತು.

ಶುಲ್ಕದ ವಿಷಯದಲ್ಲಿ ಅದು ಹೇಳಿದ್ದು ಮೂರೇ ಮಾತು. ದೂರದ ಸಲಹೆಯನ್ನು ಶುಲ್ಕದ ದೃಷ್ಟಿಯಿಂದ ಎದುರು ಕುಳಿತು ನೀಡುವ ಸಲಹೆಯಂತೆಯೇ ಕಾಣಬೇಕು. ವೈದ್ಯನು ಉಚಿತವೆನಿಸುವ ಶುಲ್ಕ ಪಡೆಯಬಹುದು. ಪಡೆದುದಕ್ಕೆ ರಸೀದಿ ಕೊಡಬೇಕು. ಮೊದಲ ಮಾತಿನಲ್ಲಿ ಒಂದು ನ್ಯಾಯವಿದೆ. ದೂರದಿಂದ ಬಂದ ಕರೆ ಎಂಬ ಕಾರಣಕ್ಕೆ ಸೇವೆಯ ಬೆಲೆ ಏರುವಂತಿಲ್ಲ, ವೈದ್ಯನ ಶ್ರಮದ ಬೆಲೆ ಇಳಿಯುವಂತೆಯೂ ಇಲ್ಲ. ಆದರೆ ವೈದ್ಯ ಮತ್ತು ರೋಗಿಯ ನಡುವೆ ನಿಂತ ತಾಂತ್ರಿಕ ವೇದಿಕೆಗಳ ಬಗ್ಗೆ ಮಾರ್ಗಸೂಚಿ ಹೇಳಿದ್ದು ಬೇರೆ ವಿಷಯ. ಅವು ನೋಂದಾಯಿತ ವೈದ್ಯರನ್ನೇ ಒದಗಿಸಬೇಕು, ಯಂತ್ರಬುದ್ಧಿಯಿಂದ ರೋಗಿಗೆ ಔಷಧ ಬರೆಯಬಾರದು ಎಂದಿತು. ಆ ವೇದಿಕೆಗಳು ತಮಗಾಗಿ ಪಡೆಯುವ ಹೆಚ್ಚುವರಿ ಶುಲ್ಕದ ಮಿತಿಯನ್ನು ಅದು ಹೇಳಲಿಲ್ಲ. ವೈದ್ಯನ ಶುಲ್ಕಕ್ಕೆ ರಸೀದಿ ವಿಧಿಸಿದ ನಿಯಮವು ಮಧ್ಯವರ್ತಿಯ ಶುಲ್ಕದ ಬಗ್ಗೆ ಮೌನ ತಾಳಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ವೃತ್ತಿನೀತಿ ನಿಯಮಗಳನ್ನು ಹೊರಡಿಸಿತಾದರೂ ಅದೇ ತಿಂಗಳಿನಲ್ಲಿ ಅವನ್ನು ತಡೆಹಿಡಿದುದರಿಂದ 2002ರ ನಿಯಮಗಳೇ ಮುಂದುವರಿದವು.

ಈ ಮೌನದ ನಡುವೆ ಸರ್ಕಾರ ಇನ್ನೊಂದು ದಾರಿಯನ್ನು ತೆರೆದಿತ್ತು. 2019ರ ನವೆಂಬರಿನಲ್ಲಿ ಆರಂಭವಾದ ಇ-ಸಂಜೀವಿನಿ ವ್ಯವಸ್ಥೆಯಲ್ಲಿ ಹಳ್ಳಿಯ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯು ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯನಿಗೆ ಸಂಪರ್ಕ ಕಲ್ಪಿಸುತ್ತಾನೆ. 2020ರ ಏಪ್ರಿಲಿನಿಂದ ಮನೆಯಿಂದಲೇ ಸಲಹೆ ಪಡೆಯುವ ವಿಭಾಗವೂ ಸೇರಿತು. ಎರಡೂ ಉಚಿತ. 2023ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ಇದರ ಮೂಲಕ ನಡೆದ ಸಮಾಲೋಚನೆಗಳ ಸಂಖ್ಯೆ 10 ಕೋಟಿಯನ್ನು ದಾಟಿತು. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಯ ಸಹಾಯವಾಣಿಯೂ ಉಚಿತವೇ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸರಗೂರಿನಲ್ಲಿ ಕಂಡ ನೀತಿಯೇ ಇಲ್ಲಿ ದೇಶವ್ಯಾಪಿಯಾಯಿತು: ಸಂಪರ್ಕದ ವೆಚ್ಚ ಸಮಾಜದ್ದು, ರೋಗಿಯದಲ್ಲ.

ಕಾರಣ ಅಳಿದರೂ ಉಳಿದ ಶುಲ್ಕ

ಹೆಚ್ಚುವರಿ ಶುಲ್ಕವು ಹೇಗೆ ಹುಟ್ಟಿ ಹೇಗೆ ಬೇರೂರುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಒಂದು ಉದಾಹರಣೆ ನೆರವಾಗುತ್ತದೆ. ಅಲ್ಲಿ ವೃದ್ಧರಿಗಾಗಿ ಇರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆಯು 2001ರ ಅಕ್ಟೋಬರಿನಿಂದ ದೂರವೈದ್ಯಕ್ಕೆ ಹಣ ಕೊಡತೊಡಗಿತು. ಆಗ ಗ್ರಾಮೀಣ ರೋಗಿಯು ತನ್ನ ಊರಿನ ಸಮೀಪದ ಚಿಕಿತ್ಸಾಲಯಕ್ಕೆ ಬಂದು, ಅಲ್ಲಿಯ ಯಂತ್ರದ ಮುಂದೆ ಕುಳಿತು, ದೂರದ ವೈದ್ಯನೊಡನೆ ಮಾತನಾಡಬೇಕಾಗಿತ್ತು. ಕೋಣೆ ಮತ್ತು ಸಿಬ್ಬಂದಿಯನ್ನು ಒದಗಿಸಿದ ಆ ಚಿಕಿತ್ಸಾಲಯಕ್ಕೆ ಒಂದು ಭೇಟಿಗೆ 20 ಡಾಲರ್ ಸ್ಥಳ ಶುಲ್ಕವೆಂದು ಮೊದಲು ಗೊತ್ತುಮಾಡಲಾಯಿತು. ಕೊಟ್ಟ ಸೇವೆಗೆ ಪಡೆದ ಹಣ, ಅದರಲ್ಲಿ ಅನ್ಯಾಯವಿರಲಿಲ್ಲ.

2020ರಲ್ಲಿ ಮಹಾಮಾರಿಯಿಂದಾಗಿ ರೋಗಿಗಳು ತಮ್ಮ ಮನೆಯಿಂದಲೇ ಮಾತನಾಡತೊಡಗಿದರು. ಆಸ್ಪತ್ರೆಯ ಕೋಣೆಯ ಉಪಯೋಗವೇ ಇಲ್ಲದಿದ್ದರೂ ಸ್ಥಳ ಶುಲ್ಕವನ್ನು ಬಿಲ್ಲಿನಲ್ಲಿ ಸೇರಿಸುವ ಪದ್ಧತಿ ಕೆಲವೆಡೆ ಮುಂದುವರಿಯಿತು. ರೋಗಿಯು ತನ್ನ ಮನೆಯ ಕುರ್ಚಿಯಲ್ಲಿ ಕುಳಿತದ್ದಕ್ಕೆ ಆಸ್ಪತ್ರೆಗೆ ಬಾಡಿಗೆ ಕೊಟ್ಟಂತಾಯಿತು. ಇದನ್ನು ಕಂಡ ಕನೆಕ್ಟಿಕಟ್ ರಾಜ್ಯದ ಶಾಸನಸಭೆಯು 2021ರಲ್ಲಿ, ದೂರವೈದ್ಯದ ಭೇಟಿಗೆ ಸ್ಥಳ ಶುಲ್ಕವನ್ನು ಪಡೆಯಕೂಡದೆಂದು ಕಾನೂನು ಮಾಡಿತು. ಒಂದು ಶುಲ್ಕದ ಕಾರಣವು ಅಳಿದ ಮೇಲೆಯೂ ಶುಲ್ಕ ಉಳಿದರೆ ಅದು ಸಂಭಾವನೆಯಾಗಿ ಉಳಿಯುವುದಿಲ್ಲ ಎಂಬುದು ಆ ಕಾನೂನಿನ ತಿರುಳು.

ಭಾರತದಲ್ಲಿ ಸ್ಥಳ ಶುಲ್ಕವೆಂಬ ಹೆಸರು ರೂಢಿಯಲ್ಲಿಲ್ಲ. ಇಲ್ಲಿ ಪ್ರಶ್ನೆ ಬರುವುದು ಮೊಬೈಲಿನ ವೇದಿಕೆಗಳ ಕಡೆಯಿಂದ. ಮೊದಲ ಪುಟದಲ್ಲಿ ವೈದ್ಯನ ಶುಲ್ಕವೊಂದನ್ನೇ ತೋರಿಸಿ, ಹೆಸರು, ವಯಸ್ಸು, ರೋಗದ ವಿವರಗಳನ್ನೆಲ್ಲ ತುಂಬಿದ ಮೇಲೆ ಹಣ ಪಾವತಿಯ ಕೊನೆಯ ಪುಟದಲ್ಲಿ ಬೇರೆ ಬೇರೆ ಹೆಸರಿನ ಮೊತ್ತಗಳನ್ನು ಕೂಡಿಸುವ ರೀತಿ ಅಂತರ್ಜಾಲ ವ್ಯಾಪಾರದಲ್ಲಿ ಸಾಮಾನ್ಯವಾಯಿತು. ಜ್ವರದ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ ತಾಯಿಯು ಆ ಹಂತದಲ್ಲಿ ಹಿಂದಿರುಗಿ ಇನ್ನೊಂದು ವೇದಿಕೆಯನ್ನು ಹುಡುಕುವವಳಲ್ಲ. ಸಿನಿಮಾ ಟಿಕೇಟಿನ ಗ್ರಾಹಕನಿಗೂ ರೋಗಿಗೂ ಇರುವ ವ್ಯತ್ಯಾಸ ಇದೇ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ವೈದ್ಯಸೇವೆಯು ಈ ಹೊಸ ಕಾಯಿದೆಯ ಹೊರಗಿದೆ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಒಪ್ಪಲಿಲ್ಲ. ಅದೇ ಕಾಯಿದೆಯ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ಸ್ ಎಂಬ ಮೋಸದ ವಿನ್ಯಾಸಗಳನ್ನು ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿ, ಅಂತಹ 13 ಬಗೆಗಳನ್ನು ಹೆಸರಿಸಿತು. ಬೆಲೆಯ ಭಾಗಗಳನ್ನು ಮೊದಲು ಮರೆಮಾಡಿ ಕೊನೆಯಲ್ಲಿ ಒಂದೊಂದಾಗಿ ತೊಟ್ಟಿಕ್ಕಿಸುವುದು ಅವುಗಳಲ್ಲಿ ಒಂದು. ಗ್ರಾಹಕನು ಕೇಳದ ವಸ್ತುವನ್ನೋ ಸೇವೆಯನ್ನೋ ದಾನದ ಮೊತ್ತವನ್ನೋ ಅವನ ಒಪ್ಪಿಗೆಯಿಲ್ಲದೆ ಲೆಕ್ಕಕ್ಕೆ ಸೇರಿಸುವುದು ಇನ್ನೊಂದು. ಭಾರತದಲ್ಲಿ ಸರಕು ಸೇವೆಗಳನ್ನು ಒದಗಿಸುವ ಎಲ್ಲ ವೇದಿಕೆಗಳಿಗೂ ಇದು ಅನ್ವಯಿಸುತ್ತದೆ. ವೈದ್ಯಸಲಹೆಯ ವೇದಿಕೆಗಳಿಗೆ ಪ್ರತ್ಯೇಕ ವಿನಾಯಿತಿ ಇಲ್ಲ.

ಹೀಗೆ 2002ರ ಗೋಡೆಯ ಫಲಕವು 2023ರಲ್ಲಿ ಮೊಬೈಲಿನ ಮೊದಲ ಪುಟಕ್ಕೆ ಬಂದು ನಿಂತಿತು. ಆದರೂ ಒಂದು ಅಂತರ ಉಳಿದಿದೆ. ಈ ಮಾರ್ಗಸೂಚಿಯು ಹೆಚ್ಚುವರಿ ಶುಲ್ಕವನ್ನು ಬಚ್ಚಿಡಬಾರದೆಂದು ಹೇಳುತ್ತದೆ; ಪಡೆಯಬಾರದೆಂದು ಹೇಳುವುದಿಲ್ಲ. ಕನೆಕ್ಟಿಕಟ್ ಶಾಸನವು ಶುಲ್ಕವನ್ನೇ ನಿಷೇಧಿಸಿತು. ಭಾರತದ ನಿಯಮವು ಮರೆಯನ್ನು ನಿಷೇಧಿಸಿತು. ಮೊದಲೇ ಹೇಳಿ ಪಡೆಯುವ ಹೆಚ್ಚಿನ ಹಣವು ನ್ಯಾಯವೋ ಅಲ್ಲವೋ ಎಂಬ ನಿರ್ಣಯವನ್ನು ಕಾನೂನು ಇನ್ನೂ ಕೊಡುವವನ ಮತ್ತು ಪಡೆಯುವವನ ವಿವೇಕಕ್ಕೆ ಬಿಟ್ಟಿದೆ.

ಅಸ್ತೇಯದ ಅಳತೆ

ಇನ್ನೊಂದು ಪಕ್ಷವನ್ನೂ ಕೇಳಬೇಕು. ವೇದಿಕೆ ನಡೆಸುವವರಿಗೆ ಯಂತ್ರ, ತಂತ್ರಜ್ಞರು, ದಾಖಲೆಗಳ ರಕ್ಷಣೆ ಎಂಬ ನಿಜವಾದ ಖರ್ಚುಗಳಿವೆ. ತಾಲ್ಲೂಕಿನ ವೈದ್ಯನು ರಾತ್ರಿ ಹತ್ತು ಗಂಟೆಗೆ ಬರುವ ಕರೆಗಳಿಗೆ ಉತ್ತರ ಹೇಳಿ ಏನನ್ನೂ ಪಡೆಯದೆ ಇರಬೇಕೆಂದು ನಿರೀಕ್ಷಿಸುವುದೂ ಒಂದು ಬಗೆಯ ಅನ್ಯಾಯವೇ. ಎಲ್ಲ ಶುಲ್ಕವನ್ನೂ ತುಂಡರಿಸಿದರೆ ಲಾಭವಿಲ್ಲದ ಹಳ್ಳಿಗಳನ್ನು ಸಂಸ್ಥೆಗಳು ಬಿಟ್ಟುಹೋಗುವ ಭಯವಿದೆ. 2017ರಲ್ಲಿ ವೈದ್ಯರು ಮುಂದಿಟ್ಟ ವಾದದ ಒಂದಂಶವೂ ಇದೇ ಆಗಿತ್ತು. ಶುಲ್ಕವೆಲ್ಲ ಪಾಪವೆಂಬ ಮಾತು ಸುಲಭ, ಆದರೆ ಸತ್ಯವಲ್ಲ.

ಈ ಇಕ್ಕಟ್ಟಿನಲ್ಲಿ ಗೃಹಸ್ಥರಿಗಾಗಿ ಹೇಳಿದ ಅಣುವ್ರತಗಳ ವಿಚಾರವು ಒಂದು ಅಳತೆಗೋಲನ್ನು ಒದಗಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಸ್ತೇಯ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು: ಕೊಡುವಾಗ ಕಡಿಮೆ, ಪಡೆಯುವಾಗ ಹೆಚ್ಚು ಬರುವಂತೆ ಅಳತೆ ತೂಕಗಳನ್ನು ಇಟ್ಟುಕೊಳ್ಳುವುದು. ವಿರುದ್ಧರಾಜ್ಯಾತಿಕ್ರಮ ಇನ್ನೊಂದು: ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಗಳಿಸುವುದು. ಅಂಗಡಿಯ ತಕ್ಕಡಿಯನ್ನು ಕುರಿತು ಹೇಳಿದ ಮಾತು ದೂರವೈದ್ಯದ ಬಿಲ್ಲಿಗೂ ಸಲ್ಲುತ್ತದೆ. ಒದಗಿಸದ ಕೋಣೆಗೆ ಪಡೆದ ಬಾಡಿಗೆ, ಮೊದಲು ಒಂದು ಮೊತ್ತ ತೋರಿಸಿ ಕೊನೆಗೆ ಪಡೆದ ಇನ್ನೊಂದು ಮೊತ್ತ, ಇವು ಕಳ್ಳ ತೂಕದ ಹೊಸ ರೂಪಗಳಲ್ಲದೆ ಬೇರೆಯಲ್ಲ. ಕೊಟ್ಟ ಸೇವೆಗೆ, ಮೊದಲೇ ತಿಳಿಸಿ, ರಸೀದಿ ಸಹಿತ ಪಡೆದ ಹಣವು ಸಂಭಾವನೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಅತಿಚಾರದ ಕಡೆಗೆ ವಾಲುತ್ತದೆ. ಕಾನೂನು ತಡವಾಗಿ ಒಂದೊಂದೇ ಹೆಜ್ಜೆಯಿಟ್ಟು ತಲುಪುತ್ತಿರುವುದು ಈ ಅಳತೆಯನ್ನೇ.

ಧರ್ಮಸಂಸ್ಥೆಗಳ ಮುಂದಿರುವ ಕೆಲಸ

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಕೇವಲ ಪ್ರೇಕ್ಷಕರಾಗಿ ಇರಬೇಕಾಗಿಲ್ಲ. ಹೊಸ ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲ ಟ್ರಸ್ಟುಗಳಿಗೂ ಇರದು. ಆದರೆ ಸಮುದಾಯ ಭವನದ ಒಂದು ಶಾಂತವಾದ ಕೋಣೆ, ಒಂದು ದೊಡ್ಡ ಪರದೆಯ ಮೊಬೈಲು, ಅದನ್ನು ಬಳಸಲು ಬಲ್ಲ ಒಬ್ಬ ತರುಣ ಅಥವಾ ತರುಣಿ, ಇಷ್ಟು ಇದ್ದರೆ ಒಂಟಿಯಾಗಿರುವ ಹಿರಿಯರಿಗೆ ಇ-ಸಂಜೀವಿನಿಯ ಉಚಿತ ಸಲಹೆಯನ್ನು ದೊರಕಿಸಿಕೊಡಬಹುದು. ಅಮೆರಿಕದಲ್ಲಿ 20 ಡಾಲರ್ ಬೆಲೆ ಕಟ್ಟಿದ ಆ ಸ್ಥಳವನ್ನು ಇಲ್ಲಿ ದಾನವಾಗಿ ಕೊಟ್ಟಂತಾಗುತ್ತದೆ. ಜಾತಿಮತ ನೋಡದೆ ಕೊಟ್ಟರೆ ಅದು ಔಷಧದಾನದ ಇಂದಿನ ರೂಪವೇ ಸರಿ.

ಚಿಕಿತ್ಸಾಲಯವನ್ನೇ ನಡೆಸುವ ಟ್ರಸ್ಟುಗಳು ಇನ್ನೂ ಎಚ್ಚರದಿಂದ ಇರಬೇಕು. ದೂರದ ಸಲಹೆಗೆ ಪಡೆಯುವ ಒಟ್ಟು ಹಣವನ್ನು ಕನ್ನಡದಲ್ಲಿ ಬರೆದು ಬಾಗಿಲಲ್ಲಿಯೂ ದೂರವಾಣಿಯಲ್ಲಿಯೂ ಮೊದಲೇ ತಿಳಿಸುವುದು, ರಸೀದಿಯಲ್ಲಿ ವೈದ್ಯನ ಪಾಲು ಮತ್ತು ಇತರ ಖರ್ಚನ್ನು ಬೇರೆ ಬೇರೆಯಾಗಿ ತೋರಿಸುವುದು, ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಯಾವ ಪ್ರಯೋಗಾಲಯದಿಂದಲೂ ಔಷಧಿ ಅಂಗಡಿಯಿಂದಲೂ ಹಣ ಪಡೆಯದಿರುವುದು, ದೇಣಿಗೆಯನ್ನು ಚಿಕಿತ್ಸೆಯ ಬಿಲ್ಲಿಗೆ ಸೇರಿಸದಿರುವುದು, ಇವು ಕನಿಷ್ಠ ಕರ್ತವ್ಯಗಳು. ದೇವರ ಹೆಸರಿನ ಕಾಣಿಕೆಯಾದರೂ ಕೇಳದೆ ಬಿಲ್ಲಿಗೆ ಸೇರಿಸಿದ ಮೇಲೆ ಅದು ಕಾಣಿಕೆಯಾಗಿ ಉಳಿಯದು.

ಕುಟುಂಬಗಳಿಗೂ ಒಂದಿಷ್ಟು ತಿಳಿವಳಿಕೆ ಅಗತ್ಯ. ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವಿರಬೇಕಾಗಿಲ್ಲ. ಅದಕ್ಕೆ ಉತ್ತರ ಕೊಡುವುದು ವೈದ್ಯನ ನೀತಿನಿಯಮದಲ್ಲಿಯೇ ಇದೆ. ರಸೀದಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. 2020ರ ಜೂನ್ ತಿಂಗಳಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ವೈದ್ಯರ ಸಲಹೆಯ ಖರ್ಚನ್ನು ಕೊಡುವ ಪಾಲಿಸಿಗಳಲ್ಲಿ ದೂರವೈದ್ಯದ ಸಲಹೆಗೂ ಹಣ ಕೊಡಬೇಕೆಂದು ಸೂಚಿಸಿದೆ. ರಸೀದಿಯಿಲ್ಲದೆ ಅದು ದೊರೆಯದು. ಮರೆಮಾಡಿ ಪಡೆದ ಶುಲ್ಕದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಹೇಳಬಹುದು. ಖಾಸಗಿ ಆಸ್ಪತ್ರೆಯ ವಿಷಯವಾದರೆ ಜಿಲ್ಲಾ ಪ್ರಾಧಿಕಾರವಿದೆ.

ಹೆಗ್ಗಡದೇವನಕೋಟೆಯ ಹಾಡಿಗೂ ಬೆಂಗಳೂರಿನ ತಜ್ಞನಿಗೂ ನಡುವೆ ಇದ್ದ ದೂರವನ್ನು 2002ರಲ್ಲಿ ಉಪಗ್ರಹವೊಂದು ಕರಗಿಸಿತು. ಬಸ್ಸಿನ ಟಿಕೇಟಿನ ರೂಪದಲ್ಲಿದ್ದ ಆ ದೂರವು ಬಿಲ್ಲಿನ ಕೊನೆಯ ಸಾಲಿನಲ್ಲಿ ಮತ್ತೆ ತಲೆಯೆತ್ತದಂತೆ ನೋಡಿಕೊಳ್ಳುವುದು ಶಾಸನದ ಕೆಲಸ. ಶಾಸನವು ಮುಟ್ಟದ ಕಡೆಯಲ್ಲಿ ಅದು ಧರ್ಮಸಂಸ್ಥೆಗಳ ಕೆಲಸ.